ಪಂಪಾಪತಿ ಬರೆದ ಎಂಟು ಜಿಬಿ

ಗೂಗಲ್ ಎಂಬ ಹಳ್ಳಿಯ ಪಂಪಾಪತಿಗೆ ‘ಇಲ್ಲ’ ಎನ್ನಲು ಬರುತ್ತಿರಲಿಲ್ಲ. ಮಾನ್ವಿಯಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದಾಗ, ಇದ್ದ ಒಂದು ಕಂಪ್ಯೂಟರಿನ ಪಕ್ಕ ಒಳಗೇನೂ ಇಲ್ಲದ ನಾಲ್ಕು ಸಿಪಿಯು ಡಬ್ಬಿ ಜೋಡಿಸಿಟ್ಟು, ಕೇಳಿದವರಿಗೆಲ್ಲ “ಐದೂ ಅದಾವ್ರೀ, ಇವತ್ತು ಕರೆಂಟಿಂದೇ ತ್ರಾಸು” ಎನ್ನುತ್ತಿದ್ದ. ಪುಣ್ಯಾತ್ಮ, ಯಾರಿಗೂ ಕೇಡು ಬಯಸಿದವನಲ್ಲ. ಎದುರಿಗಿದ್ದವರ ಮುಖ ಸಪ್ಪಗಾಗುವುದನ್ನು ನೋಡಲಾರ, ಅಷ್ಟೇ.

ಇಂಥ ಗುಣವಂತನನ್ನು ರಾಯಚೂರಿನ ಒಂದು ಖಾಸಗಿ ಪಾಲಿಟೆಕ್ನಿಕ್ ಬಿಟ್ಟೀತೇ? ತಾಸಿನ ಲೆಕ್ಕದ ಮೇಲೆ ಪ್ರಯೋಗಾಲಯಕ್ಕೆ ಸೇರಿಸಿಕೊಂಡು, ಖಾಯಂ ಮಾಡುತ್ತೇವೆಂದು ವರ್ಷ ವರ್ಷ ಹೇಳುತ್ತಾ ಬಂದಿತು. ಅವನು ಖಾಯಂ ಆದ ಮೇಲೆ ಹೆಂಡತಿ ಸುಮಂಗಲಾ ಮಗಳನ್ನು ಕರೆದುಕೊಂಡು ದೇವದುರ್ಗದ ತವರಿನಿಂದ ಬರುವುದೆಂದು ಮಾತಾಗಿತ್ತು. ಈ ಸಲ ಕಾರ್ಯದರ್ಶಿ ಹಂಪಯ್ಯ ಗಟ್ಟಿಯಾಗಿಯೇ ಹೇಳಿದರು: “ತಪಾಸಣಿ ಸಮಿತಿ ಪಾಸ್ ಮಾಡ್ಲಿ, ಮರುದಿನಾನೇ ನಿನ್ನ ಆರ್ಡರ್.”

ಸಮಿತಿಗೆ ತೋರಿಸಲು ಇದ್ದದ್ದು ಕೊನೆಯ ವರ್ಷದ ಯಾಸ್ಮೀನ್ ಕಟ್ಟಿದ ಹುಸಿ ಕಂಪ್ಯೂಟರ್. ಕಂಪ್ಯೂಟರಿನೊಳಗೇ ಓಡುವ, ಕೈಗೆ ಸಿಗದ ಇನ್ನೊಂದು ಕಂಪ್ಯೂಟರ್ ಅದು. ಅದು ಏಳುವ ಮೊದಲು ಅದರ ಮೆಮೊರಿಯಲ್ಲಿ ಒಂದು ನಕ್ಷೆ ಬರೆದಿಡಬೇಕು: ಎಲ್ಲಿಂದ ಎಲ್ಲಿಯವರೆಗೆ ಜಾಗವಿದೆ, ಯಾವುದು ಯಂತ್ರವನ್ನು ಎಬ್ಬಿಸುವ ಫರ್ಮ್‌ವೇರಿನ ಪಾಲು, ಯಾವುದನ್ನು ಮುಟ್ಟಬಾರದು ಎಂದು. ಆಪರೇಟಿಂಗ್ ಸಿಸ್ಟಮ್ ಕಣ್ಣು ತೆರೆದ ಕೂಡಲೇ ಆ ನಕ್ಷೆ ಓದಿ ಸಂಸಾರ ಹೂಡುತ್ತದೆ. ಯಾಸ್ಮೀನ್ ಎರಡು ಜಿಬಿ ಎಂದು ಬರೆದಿದ್ದಳು.

“ಎರಡೇ? ಮಂದಿ ನಗ್ತಾರವ್ವಾ, ಎಂಟು ಬರಿ,” ಎಂದ ಪಂಪಾಪತಿ.

“ಸರ್, ಇರೋದೇ ಎರಡು ರೀ. ಎಂಟು ಬರದ್ರ ಅದು ನಂಬಿ ಇಲ್ಲದ ಜಾಗಕ್ಕ ಹೋಗ್ತದ.”

“ಯಾರು ಹೋಗಿ ನೋಡ್ತಾರ?” ಎಂದು ತಾನೇ ಎಂಟು ಬರೆದ. ಅನುಭವಸ್ಥ; ಯಾವ ಸಮಿತಿಯೂ ಎದ್ದು ಹೋಗಿ ನೋಡಿದ್ದನ್ನು ಅವನು ಕಂಡಿರಲಿಲ್ಲ.

ಸಮಿತಿ ನೋಡಲಿಲ್ಲ, ನಿಜ. ಹುಸಿ ಕಂಪ್ಯೂಟರ್ ನೋಡಿತು. ತಪಾಸಣೆಯ ದಿನ ಗುಂಡಿ ಒತ್ತಿದ್ದೇ ತಡ, ನಕ್ಷೆಯನ್ನು ನಂಬಿ ಎಂಟರ ತುದಿಗೇ ಹೋಗಿ ಸಾಮಾನು ಇಳಿಸಲು ನೋಡಿ, ನೆಲವಿಲ್ಲದೆ ಅಲ್ಲೇ ಪ್ರಾಣ ಬಿಟ್ಟಿತು. ಸಮಿತಿಯ ಹಿರಿಯರು ಕನ್ನಡಕ ಏರಿಸಿದರು. “ಯಾಕ್ರೀ ಬಂದ್ ಆತು? ಎಂಟು ಜಿಬಿ ಅಂತ ಬರದೀರಿ, ಅಷ್ಟು ಮೆಮೊರಿ ಅದನೋ ಇಲ್ಲೋ?”

ಕರೆಂಟಿನ ಮೇಲೆ ಹಾಕೋಣವೆಂದರೆ ಫ್ಯಾನು ತಿರುಗುತ್ತಿತ್ತು. “ಇಲ್ರೀ,” ಎಂದ ಪಂಪಾಪತಿ, ಜೀವಮಾನದಲ್ಲಿ ಮೊದಲ ಸಲ. ಯಾಸ್ಮೀನ್ ಎರಡು ಎಂದು ತಿದ್ದಿದಳು. ಕಂಪ್ಯೂಟರ್ ಎದ್ದು ಕೂತಿತು.

ಹಿರಿಯರಿಗೆ ಬಹಳ ಹಿಡಿಸಿತು. “ಖರೇ ಹೇಳೋ ಮನುಷ್ಯಾ ನೋಡ್ರಿ!”

“ನಮ್ಮ ಖಾಯಂ ಸಿಬ್ಬಂದಿ ಎಲ್ಲಾ ಹಿಂಗೇ ರೀ,” ಎಂದು ಹಂಪಯ್ಯ ಮುಂದೆ ಬಂದರು.

“ಹೌದಾ? ನೀವು ಖಾಯಂ ಏನ್ರೀ?” ಎಂದು ಹಿರಿಯರು ಪಂಪಾಪತಿಯನ್ನೇ ಕೇಳಿದರು.

ಅವರ ಬೆನ್ನ ಹಿಂದಿನಿಂದ ಹಂಪಯ್ಯ ದುರುಗುಟ್ಟಿ ನೋಡುತ್ತಿದ್ದರು. ಇಲ್ಲವೆಂದರೆ ಇದ್ದ ಕೆಲಸವೂ ಹೋದೀತು. “ಹೌದ್ರೀ,” ಎಂದ.

ಕಾಲೇಜು ಪಾಸಾಯಿತು. ಮರುದಿನ ಆರ್ಡರ್ ಕೇಳಲು ಹೋದವನಿಗೆ ಹಂಪಯ್ಯ ಚಹಾ ತರಿಸಿಕೊಟ್ಟು ಹೇಳಿದರು: “ಸಮಿತಿ ಮುಂದ ನೀನೇ ಒಪ್ಕೊಂಡೀಯಲ್ಲೋ. ಖಾಯಂ ಇದ್ದವನ್ನ ಮತ್ತ ಹೆಂಗ ಖಾಯಂ ಮಾಡೋದು?”

ಸಂಜೆ ಸುಮಂಗಲಾ ಫೋನ್ ಮಾಡಿದಳು. “ಆತೇನ್ರೀ? ಸಾಮಾನು ಕಟ್ಟಾಕತ್ತೀನಿ.”

ಬಾಯಿಗೆ ‘ಆತು’ ಬಂದಿತ್ತು. ಆದರೆ ಇವಳು ನಂಬಿ ನಿಜಕ್ಕೂ ಬಂದುಬಿಡುವವಳು. ಪಂಪಾಪತಿಗೆ ಅಳು ಬಂತು.

“ಕಟ್ಟಬ್ಯಾಡ,” ಎಂದ. “ಆಗಿಲ್ಲ.”