ನೊಣದ ರೆಕ್ಕೆ ಹಿಡಿಯಲಾಗದ ಕೂಸು

ಲೊಕ್ಕನಹಳ್ಳಿಗೆ ಸೊಸೆಯಾಗಿ ಬಂದ ಮೇಲೆ ಮೀನಾ ಬಹಳಷ್ಟನ್ನು ನುಂಗಿಕೊಂಡಿದ್ದಳು. ಆದರೆ ಗಂಡನ ಅಣ್ಣ ಚಿನ್ನಸ್ವಾಮಿಯ ಸಂಜೆಯ ಆಟ ಮಾತ್ರ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹೊಲದಿಂದ ಬಂದವನು ಜಗಲಿಯ ಮೇಲೆ ಕಾಲು ಚಾಚಿ ಕೂತು, ಅವಳ ನಾಲ್ಕು ವರ್ಷದ ಮಗಳು ಇಂಚರಳನ್ನು ಎದುರಿಗೆ ನಿಲ್ಲಿಸಿ, ಕಡಲೆಕಾಯಿ ಒಂದೊಂದೇ ಎಸೆಯುತ್ತಿದ್ದ.

"ಇಡ್ಕಮ್ಮಿ!"

ಮಗು ಗಾಳಿಗೆ ಕೈ ಹಾಕುವಷ್ಟರಲ್ಲಿ ಕಾಯಿ ಮೂಗಿಗೆ ಬಡಿದಿರುತ್ತಿತ್ತು. ಅಕ್ಕಪಕ್ಕದವರೂ ಬಂದು ನಿಂತು ಹಲ್ಲು ಕಿರಿಯುತ್ತಿದ್ದರು. ಎಲ್ಲರೂ ನಗುವುದನ್ನು ಕಂಡು ಮಗುವೂ ನಗುತ್ತಿತ್ತು. ಮೀನಾ ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದಳು. ಭಾವನ ಎದುರು ಸೊಸೆ ಬಾಯಿ ತೆಗೆಯುವ ಮನೆ ಅದಲ್ಲ. ಕೊಳ್ಳೇಗಾಲದಲ್ಲಿ ಗೂಡ್ಸ್ ಆಟೊ ಓಡಿಸುವ ಗಂಡ ಹೇಮಂತನಿಗೆ ಹೇಳಿದರೆ, "ಅಣ್ಣ ತಮಾಸೆಗ್ ಮಾಡ್ತನೆ, ಬುಡು" ಎಂದು ಮಗ್ಗುಲಾಗುತ್ತಿದ್ದ.

ಮಗುವಿನ ಎಡಗಣ್ಣು ಒಂಚೂರು ಮೂಗಿನ ಕಡೆ ವಾಲಿತ್ತು. "ಮೆಳ್ಳಗಣ್ಣು ಅದೃಷ್ಟ ಕಣಮ್ಮಿ, ಲಕ್ಷ್ಮಿ ಬಂದವ್ಳೆ" ಎಂದು ಅತ್ತೆ ರಾಮಮ್ಮ ಆಸ್ಪತ್ರೆಯ ಮಾತನ್ನೇ ಎತ್ತಗೊಡುತ್ತಿರಲಿಲ್ಲ.

ಒಂದು ದಿನ ಅಂಗನವಾಡಿಗೆ ಮಕ್ಕಳ ಕಣ್ಣು ನೋಡಲು ಕೊಳ್ಳೇಗಾಲದ ಆಸ್ಪತ್ರೆಯಿಂದ ಅಂಜನಾ ಎಂಬ ಹುಡುಗಿ ಬಂದಳು. ಮಕ್ಕಳಿಗೆ ಕಪ್ಪು ಕನ್ನಡಕ ಹಾಕಿ, ದೊಡ್ಡದೊಂದು ನೊಣದ ಚಿತ್ರ ಮುಂದಿಟ್ಟು, "ಇದ್ರ ರೆಕ್ಕೆ ಹಿಡಿ ನೋಡೋಣ" ಎನ್ನುತ್ತಿದ್ದಳು. ಒಬ್ಬ ಹುಡುಗ "ಥೂ!" ಎಂದು ಕೈ ಹಿಂದಕ್ಕೆ ಎಳೆದುಕೊಂಡ. ಮಿಕ್ಕವರು ಚಿತ್ರಕ್ಕಿಂತ ಮೇಲೆ, ಬರಿಯ ಗಾಳಿಯಲ್ಲಿ ರೆಕ್ಕೆ ಚಿವುಟಿದರು. ಇಂಚರ ಮಾತ್ರ ಬೆರಳನ್ನು ಕಾಗದದ ಮೇಲೇ ಒತ್ತಿ ಕೂತಳು.

"ನನ್ ಮೊಮ್ಮಗಳಿಗೆ ಎದ್ರಿಕೇನೆ ಇಲ್ಲ!" ಸೊಸೆಯ ಜೊತೆ ಬಂದಿದ್ದ ರಾಮಮ್ಮ ಬೀಗಿದಳು.

"ಹೆದರಿಕೆ ಮಾತಲ್ಲ ಅಜ್ಜಿ. ಎರಡು ಕಣ್ಣೂ ಸೇರಿ ನೋಡಿದ್ರೆ ನೊಣ ಎದ್ದು ಬಂದಂಗೆ ಕಾಣ್ತದೆ. ಇವಳು ಒಂದೇ ಕಣ್ಣಲ್ಲಿ ನೋಡ್ತಾ ಇದ್ದಾಳೆ. ಅದಕ್ಕೇ ಯಾವುದು ಎಷ್ಟು ದೂರ ಅಂತ ಗೊತ್ತಾಗಲ್ಲ" ಎಂದ ಅಂಜನಾ, ಮೀನಾಳ ಕಡೆ ತಿರುಗಿ, "ತಡ ಮಾಡ್ಬೇಡಿ ಅಕ್ಕ, ಆಸ್ಪತ್ರೆಗೆ ಕರ್ಕೊಂಡು ಬನ್ನಿ" ಎಂದಳು.

ಅತ್ತೆ ಬೇಡವೆಂದರೂ ಮೀನಾ ಮಗುವನ್ನು ಕರೆದೊಯ್ದಳು. ಆಸ್ಪತ್ರೆಯಲ್ಲಿ ಕನ್ನಡಕ ಕೊಟ್ಟರು. ದಿನಾ ಸ್ವಲ್ಪ ಹೊತ್ತು ಒಳ್ಳೆಯ ಕಣ್ಣಿಗೆ ಪಟ್ಟಿ ಅಂಟಿಸಿ ಎಡಗಣ್ಣಿಗೆ ಕೆಲಸ ಕೊಡಬೇಕೆಂದರು. ಪಟ್ಟಿ ಹಾಕಿದ ಮೊದಲ ಸಂಜೆಯೇ ಚಿನ್ನಸ್ವಾಮಿ ಜಗಲಿಯಿಂದ ಕೂಗಿದ: "ಬಾಮ್ಮಿ ಒಂಟಿಗಣ್ಣಿ, ಇದ್ನ ಇಡಿ!"

ಕಾಯಿ ಪಟ್ಟಿಯ ಮೇಲೇ ಬಿತ್ತು. ಭಾವನ ಬಾಯಿಂದ ಅಗಿದ ಕಡಲೆ ಸಿಡಿಯಿತು, ಅಷ್ಟು ನಗು. ಈ ಸಲ ಇಂಚರ ನಗಲಿಲ್ಲ. ಮೀನಾ ಹೊರಗೆ ಬಂದವಳೇ ಅವನ ಮಡಿಲಲ್ಲಿದ್ದ ಮೊರವನ್ನು ಕಿತ್ತುಕೊಂಡು, ಕಡಲೆಕಾಯಿಯನ್ನೆಲ್ಲ ದನದ ಕಲಗಚ್ಚಿನ ಬಾನಿಗೆ ಸುರಿದಳು.

"ಕಣ್ ಕಾಣ್ದಿರೋ ಕೂಸ್ನ ವಡ್ದು ನಗ್ತೀರಲ್ಲ ಬಾವ, ನಿಮ್ ಮಕ ನೋಡುದ್ರೆ ವಾಕರಿಕೆ ಬತ್ತದೆ."

"ಬಾವುನ್ಗೇ ಎದುರ್ ಮಾತಾಡಿಯಾ?" ರಾಮಮ್ಮ ಕಿರುಚಿದಳು. ಮೀನಾ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಆ ರಾತ್ರಿ ಹೇಮಂತ ಬಂದು, "ತಪ್ಪಾಯ್ತು ಅನ್ನು" ಎಂದ. ಅವಳು ಅನ್ನಲಿಲ್ಲ. ಆಟ ನಿಂತಿತು.

ವರ್ಷ ತಿರುಗುವ ಹೊತ್ತಿಗೆ ಎಡಗಣ್ಣಿನ ನೋಟ ಚುರುಕಾಗಿತ್ತು. ನೊಣದ ರೆಕ್ಕೆ ಮಾತ್ರ ಇನ್ನೂ ಕಾಗದದಿಂದ ಎದ್ದಿರಲಿಲ್ಲ. ಕಾದು ನೋಡೋಣ ಎಂದರು ಡಾಕ್ಟರು. ಒಮ್ಮೆ ನೆಂಟರ ಮುಂದೆ ಚಿನ್ನಸ್ವಾಮಿ, "ನಾನು ಎಸ್ದು ಎಸ್ದು ಅಭ್ಯಾಸ ಮಾಡ್ಸುದ್ಕೇ ಕೂಸಿನ ಕಣ್ಣು ನೆಟ್ಟಗಾದದ್ದು" ಎಂದು ಕೊಚ್ಚಿಕೊಳ್ಳುವುದು ಮೀನಾಳ ಕಿವಿಗೆ ಬಿತ್ತು. ಅವಳು ನೆಂಟರಿಗೆಲ್ಲ ಬಡಿಸಿದಳು. ಅವನ ತಟ್ಟೆಯ ಹತ್ತಿರ ಬಂದಾಗ ಅನ್ನದ ಪಾತ್ರೆಯನ್ನು ನೆಲದ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಹೊರಟುಹೋದಳು.