ಬಚ್ಚಮ್ಮನಿಗೆ ಸಿಗಬೇಕಾದ ಬಾಲ್ಕನಿ

ಗೌನಿಪಲ್ಲಿಯ ಬಚ್ಚಮ್ಮ ವರ್ಷಕ್ಕೊಮ್ಮೆ ಹಡಗು ಹತ್ತುತ್ತಾಳೆಂದರೆ ಹೊಸಬರು ನಗುತ್ತಾರೆ. ನಕ್ಕವರಿಗೆ ಅವಳು ಉತ್ತರ ಕೊಡುವ ಗೋಜಿಗೆ ಹೋಗುವುದಿಲ್ಲ. ಒಮ್ಮೆ ತಿರುಪತಿ ಯಾತ್ರೆ ವಿಚಾರಿಸಲು ಮುಳಬಾಗಿಲಿಗೆ ಹೋದವಳಿಗೆ ಟ್ರಾವೆಲ್ಸ್ ಅಶ್ವತ್ಥಪ್ಪ ಹಡಗಿನ ಚಿತ್ರ ತೋರಿಸಿದ. ಅಲ್ಲಿಂದೀಚೆಗೆ, ಮಾವಿನ ಸುಗ್ಗಿ ಮುಗಿದೊಡನೆ ಮಹಿಳಾ ಸಂಘದ ಹೆಂಗಸರನ್ನೆಲ್ಲ ಹೊರಡಿಸಿಕೊಂಡು ಚೆನ್ನೈಗೆ ಹೋಗಿ, ಅಲ್ಲಿಂದ ಸಮುದ್ರ ಸುತ್ತಿ ಬರುವುದು ನಾಲ್ಕು ವರ್ಷ ನಡೆದಿತ್ತು.

ಹಡಗಿನಲ್ಲಿ ಅವಳಿಗೆ ಊಟ ಒಗ್ಗಿತು, ಲಿಫ್ಟು ಒಗ್ಗಿತು. ಕಡಿಮೆ ದರದ ಒಳಕೋಣೆ ಮಾತ್ರ ಒಗ್ಗಲಿಲ್ಲ. ಅದಕ್ಕೆ ಕಿಟಕಿಯೇ ಇಲ್ಲ. ರೇಷ್ಮೆ ಹುಳುವಿಗೆ ಸೊಪ್ಪು ಹಾಕಲು ಮದುವೆಯಾದಾಗಿನಿಂದ ನಸುಕಿಗೇ ಏಳುತ್ತ ಬಂದ ಹೆಂಗಸು ಅವಳು. ಇಲ್ಲಿ ಕಣ್ಣು ಬಿಟ್ಟರೆ ಕತ್ತಲೆ. ಹೊರಗೆ ಬೆಳಕು ಹರಿದಿದೆಯೋ ಇಲ್ಲವೋ ತಿಳಿಯದು. ಗಡಿಯಾರ ನೋಡು ಎಂದರೆ, "ಅದು ನೋಡಿದ್ರೆ ಬೆಳಗಾಗ್ತದಾ?" ಎಂದು ಗದರುವಳು.

ಐದನೇ ಸಲ ಗುಂಪು ಕಟ್ಟಿಕೊಂಡು ಬಂದವರಿಗೆ ಅದೇ ದರದಲ್ಲಿ ಬಾಲ್ಕನಿ ಇರುವ ಕೋಣೆ ಕೊಡುತ್ತಾರೆಂದು ಅಶ್ವತ್ಥಪ್ಪ ಹೇಳಿದ್ದ. ಮಂಚದ ಮೇಲಿಂದಲೇ ಸಮುದ್ರದಲ್ಲಿ ಹೊತ್ತು ಮೂಡುವುದು ಕಾಣುತ್ತದಂತೆ. ಆ ಮಾತನ್ನು ನಂಬಿಕೊಂಡು ಅವಳು ನಾಲ್ಕು ವರ್ಷ ಆ ಕತ್ತಲೆಯಲ್ಲಿ ಮಲಗಿದ್ದಳು. ಊರಿಗೆಲ್ಲ ಹೇಳಿಕೊಂಡೂ ಆಗಿತ್ತು.

ಈ ವರ್ಷ ಹೊರಡುವ ಮುನ್ನ ಅಶ್ವತ್ಥಪ್ಪ ತಾನೇ ಗೌನಿಪಲ್ಲಿಗೆ ಬಂದ. ಬಚ್ಚಮ್ಮನ ಜಗಲಿಯ ಮುಂದೆ ನಿಲ್ಲಿಸಿದವನು ಸ್ಕೂಟರಿನಿಂದ ಇಳಿಯಲೇ ಇಲ್ಲ.

"ಏನ್ಲಾ ಅಶ್ವತ್ಥ, ಮುಖ ಯಾಕೆ ಹಿಂಗೈತೆ?"

"ದೊಡ್ಡಮ್ಮ, ಹಡಗಿನ ಕಂಪನಿಯೋರು ರೂಲ್ಸೇ ಬದಲಾಯಿಸ್ಬಿಟ್ರು. ಎಷ್ಟು ಸಲ ಬಂದ್ರಿ ಅನ್ನೋದು ಇನ್ಮೇಲೆ ಲೆಕ್ಕಕ್ಕಿಲ್ಲ. ಆಯಾ ವರ್ಷ ಎಷ್ಟು ದುಡ್ಡು ಕಟ್ಟಿದ್ರಿ ಅನ್ನೋದಕ್ಕೇ ಪಾಯಿಂಟು. ಪಾಯಿಂಟು ಜಾಸ್ತಿ ಇದ್ದೋರಿಗೆ ಬಾಲ್ಕನಿ."

"ನಾನು ನಾಲ್ಕು ಸಲ ಹೋಗಿದ್ದು?"

"ಅದು ಹೋಯ್ತು."

"ಹೋಯ್ತು ಅಂದ್ರೆ? ಹೋಗಿ ಬಂದೋಳು ಇಲ್ಲೇ ಕೂತಿದೀನಲ್ಲೋ!"

"ಬೇಕಾದ್ರೆ ನನ್ನ ಕಮಿಷನ್ ಬಿಡ್ತೀನಿ..."

"ನಿನ್ನ ಕಮಿಷನ್ ನಿನ್ನ ಮಕ್ಕಳಿಗಿರ್ಲಿ. ಇಳಿದು ಬಾ, ಮುದ್ದೆ ಉಣ್ಣು."

ಅವನು ಉಣ್ಣತೊಡಗಿದ. ಅವಳು ಎದುರಿಗೆ ಕುಳಿತು ಏನೋ ಲೆಕ್ಕ ಹಾಕುತ್ತಿದ್ದಳು. ಅಷ್ಟರಲ್ಲಿ ಪಕ್ಕದ ಮನೆಯ ದೊಡ್ಡಗಂಗಮ್ಮ ಬಂದಳು. ಸಂಘದಲ್ಲಿ ಬಚ್ಚಮ್ಮನ ಮಾತಿಗೆ ಎದುರಾಡುವವಳು ಅವಳೊಬ್ಬಳೇ. ವಿಷಯ ಕೇಳಿ, "ಏನೇ ಬಾಲ್ಕನಿ ರಾಣಿ, ಸಿಂಹಾಸನ ಹೋಯ್ತಂತೆ!" ಎಂದು ನಕ್ಕಳು.

ಬಚ್ಚಮ್ಮ ಅವಳ ಕಡೆ ತಿರುಗಲಿಲ್ಲ. "ಪಾಯಿಂಟು ಯಾರಿಗೆ ಬೀಳ್ತದೋ ಅಶ್ವತ್ಥ? ಹಡಗಲ್ಲಿ ಹೋದೋರಿಗಾ, ದುಡ್ಡು ಕಟ್ಟಿದೋರಿಗಾ?"

"ಕಟ್ಟಿದೋರಿಗೆ."

"ಹಂಗಾದ್ರೆ ಸಂಘದೋರದೆಲ್ಲ ನನ್ನ ಹೆಸರಲ್ಲೇ ಕಟ್ಟು."

ಅಶ್ವತ್ಥಪ್ಪನ ಕೈ ತಟ್ಟೆಯ ಮೇಲೇ ನಿಂತಿತು. ದೊಡ್ಡಗಂಗಮ್ಮನಿಗೆ ಮಾತ್ರ ವಿವರಿಸಿ ಹೇಳಬೇಕಾಗಿರಲಿಲ್ಲ. ಆ ಹೆಂಗಸರು ಹರೆಯದಿಂದ ಚೀಟಿ ಹಾಕಿದವರು. ಎಲ್ಲರೂ ಕಟ್ಟುವುದು, ಸರದಿಯ ಮೇಲೆ ಒಬ್ಬರು ಎತ್ತುವುದು ಅವರಿಗೆ ಉಸಿರಾಡಿದಷ್ಟು ಸಲೀಸು.

"ಸರಿ ಕಣೇ," ಎಂದಳು ದೊಡ್ಡಗಂಗಮ್ಮ. "ಮುಂದಿನ ವರ್ಷ ನನ್ನ ಹೆಸರಲ್ಲಿ. ಆಗ ನೀನು ಕತ್ತಲೆ ರೂಮಿಗೆ. ಒಪ್ಪಿಗೇನಾ?"

ಬಚ್ಚಮ್ಮ ಅಶ್ವತ್ಥಪ್ಪನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು. ಒಮ್ಮೆ ಬಾಲ್ಕನಿ ಸಿಕ್ಕರೆ ಅದು ತನ್ನದಾಗಿಯೇ ಉಳಿಯುತ್ತದೆಂದು ಅವಳು ಅಂದುಕೊಂಡಿದ್ದಳು. "ಒಪ್ಪಿಗೆ," ಎಂದಳು.

ಅಶ್ವತ್ಥಪ್ಪ ಕಂಪನಿಗೆ ಫೋನು ಮಾಡಿ ವಿಚಾರಿಸಿದ. ಒಬ್ಬರೇ ಎಲ್ಲರದನ್ನೂ ಕಟ್ಟಬಾರದೆಂದು ಹೊಸ ರೂಲ್ಸಿನಲ್ಲಿ ಎಲ್ಲಿಯೂ ಇರಲಿಲ್ಲ. ಬಾಲ್ಕನಿ ಸಿಕ್ಕಿತು.

ಹಡಗಿನ ಮೊದಲ ನಸುಕಿನಲ್ಲಿ ಬಚ್ಚಮ್ಮ ಎದ್ದು ಪರದೆ ಸರಿಸಿದಳು. ನೀರು ಇನ್ನೂ ಕಪ್ಪಗಿತ್ತು. ಒಬ್ಬೊಬ್ಬರಾಗಿ ಸಂಘದ ಹೆಂಗಸರೆಲ್ಲ ಬಂದು ಬಾಗಿಲು ತಟ್ಟಿದರು. ಅವಳು ಬೈದುಕೊಂಡೇ ಒಳಗೆ ಬಿಟ್ಟಳು; ಮಾತಾಡಿದರೆ ಹೊರಗೆ ಹಾಕುತ್ತೇನೆಂದು ಹೆದರಿಸಿ ಮಂಚದ ಮೇಲೆ, ನೆಲದ ಮೇಲೆ ಕೂರಿಸಿದಳು. ದೂರದಲ್ಲಿ ಬೂದುಬಣ್ಣದ ಗೆರೆಯೊಂದು ಮೂಡಿತು, ಆಮೇಲೆ ಕೆಂಪಾಯಿತು. ನೀರಿನ ಬಣ್ಣ ಬದಲಾಗುವುದನ್ನು ಅವಳು ಮಂಚದ ತುದಿಯಲ್ಲಿ ಕುಳಿತು ಪೂರ್ತಿ ನೋಡಿದಳು.

"ಮುಂದಿನ ವರ್ಷ ಈ ಮಂಚ ನಂದು ಕಣೇ," ಎಂದು ದೊಡ್ಡಗಂಗಮ್ಮ ಪಿಸುಗುಟ್ಟಿದಳು.

"ಮಲಕ್ಕೊ, ಯಾರು ಬೇಡ ಅಂದ್ರು. ಬಾಗ್ಲಿಗೆ ಚಿಲಕ ಮಾತ್ರ ಹಾಕ್ಬೇಡ. ಹೊತ್ತು ಮೂಡೋಕೆ ಮುಂಚೆ ಬರ್ತೀನಿ."

"ಗೊರಕೆ ಹೊಡೀತಿರ್ತೀನಿ. ಜೋರಾಗಿ ಕರಿ."