ಬಲೆ ನೂಲಿನ ಸಾರಣೆ

ಸೋದರಮಾವನಿಗೆ ಕೈಮುಗಿದು ಹೇಳಿದ್ದೆ: "ದಮ್ಮಯ್ಯ, ಕೆಲಸದ ಹತ್ತಿರ ಹೋಗಬೇಡಿ." ಹೋಗದೆ ಇರುತ್ತಾರೆಯೇ!

ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಪಾಠ ಮಾಡುವವಳು. ಹರಿದು ಬಿಸಾಡಿದ ನೈಲಾನ್ ಮೀನುಬಲೆಯನ್ನು ಸಣ್ಣಗೆ ಕತ್ತರಿಸಿ ಸಿಮೆಂಟು ಗಾರೆಗೆ ಕಲಸಿದರೆ ಗೋಡೆಗೆ ಮೆತ್ತುವ ಸಾರಣೆ ಬಿರುಕು ಬಿಡುವುದು ಕಡಿಮೆ. ಲ್ಯಾಬಿನಲ್ಲಿ ಅದನ್ನು ಮತ್ತೆ ಮತ್ತೆ ನೋಡಿಯಾಗಿತ್ತು. ಬಲೆ ತೊಳೆದು, ಉಪ್ಪು ಬಿಡಿಸಿ, ಕತ್ತರಿಸಿ ಕೊಡುತ್ತಿದ್ದವರು ಬೆಂಗ್ರೆಯ ಮೀನುಗಾರರ ಕೇರಿಯ ಒಬ್ಬ ಅಕ್ಕ. "ಹೊರಗೆ ಒಂದು ಗೋಡೆ ಮಾಡಿ ತೋರಿಸಿ ಮೇಡಂ, ಸರಿಯಾದ್ರೆ ನನ್ನ ಎಲ್ಲ ಸೈಟಿಗೂ ತಗೊಳ್ತೇನೆ" ಎಂದು ಪರಿಚಯದ ಕಂಟ್ರಾಕ್ಟರೊಬ್ಬರು ಹೇಳಿದ್ದರು. ಅಷ್ಟಾದರೆ ಆ ಅಕ್ಕನಿಗೂ ಅವರ ನೆರೆಯ ಹೆಂಗಸರಿಗೂ ವರ್ಷವಿಡೀ ಕೆಲಸ. ಮಣ್ಣಗುಡ್ಡದಲ್ಲಿ ಮಾವನ ಮನೆಯ ಕೆಂಪುಕಲ್ಲಿನ ಕಂಪೌಂಡು ಸಾರಣೆಯಿಲ್ಲದೆ ನಿಂತಿತ್ತು. ಅದನ್ನೇ ಆರಿಸಿಕೊಂಡೆ.

ಮೇಸ್ತ್ರಿಗೆ ಅಳತೆ ಹೇಳಿಕೊಟ್ಟು ಕ್ಲಾಸಿಗೆ ಓಡಿದೆ. ಮರುದಿನ ಕಂಟ್ರಾಕ್ಟರನ್ನು ಕರೆದುಕೊಂಡು ಹೋದರೆ, ಅವರು ಹೆಬ್ಬೆರಳಿನಲ್ಲಿ ಒತ್ತಿದಲ್ಲೇ ಗಾರೆ ತಗ್ಗಿತು. ಇನ್ನೂ ಹಸಿ ಮಣ್ಣಿನಂತೆ ಮೆತ್ತಗೆ!

"ಬಲೆ ಮೀನು ಹಿಡಿಲಿಕ್ಕೇ ಸರಿ ಮೇಡಂ" ಎಂದು ನಕ್ಕು, ಕೈ ಒರೆಸಿಕೊಂಡು ಸ್ಕೂಟರು ಹತ್ತಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಳತೆ ಸರಿ, ಸಿಮೆಂಟು ಹೊಸದು. ಮತ್ತೆ ಎಂತದ್ದು? ನೋಡಿದರೆ ಗಾರೆ ಕಲಸುವ ನೀರಿನ ಡ್ರಮ್ಮಿನ ಅಂಚಿನಲ್ಲಿ ಇರುವೆಗಳ ಸಾಲು.

"ಮಾವ, ಇದಕ್ಕೆ ಎಂತ ಹಾಕಿದ್ರಿ?"

"ಬೆಲ್ಲ" ಎಂದರು, ಒಂದಿಷ್ಟೂ ಅಳುಕಿಲ್ಲದೆ. "ಮೇಸ್ತ್ರಿ ಚಾ ಕುಡಿಲಿಕ್ಕೆ ಹೋದಾಗ ಕರಗಿಸಿ ಹೊಯ್ದೆ. ಅಜ್ಜ ಮನೆ ಕಟ್ಟುವಾಗ ಗಾರೆಗೆ ಬೆಲ್ಲದ ನೀರು ಹಾಕಿದ್ದಲ್ವಾ? ಈಗಲೂ ಮೊಳೆ ಹೊಡೆದ್ರೆ ಮೊಳೆಯೇ ಬಗ್ತದೆ. ನಿನ್ನ ಬಲೆ ಮೇಲೆ ನನಗೆ ಧೈರ್ಯ ಇರ್ಲಿಲ್ಲ ಮಾರಾಯ್ತಿ. ನಾಲ್ಕು ಜನರ ಎದುರು ನಿನ್ನ ಮರ್ಯಾದೆ ಹೋಗ್ಬಾರ್ದಲ್ಲ."

"ಅಯ್ಯೋ, ಅದು ಸುಣ್ಣದ ಗಾರೆ ಮಾವ! ಸಿಮೆಂಟಿಗೆ ಬೆಲ್ಲ ಬಿದ್ರೆ ಅದು ಗಟ್ಟಿಯೇ ಆಗುವುದಿಲ್ಲ. ಕಂಟ್ರಾಕ್ಟರಿಗೆ ಫೋನ್ ಮಾಡಿ ನೀವೇ ಹೇಳಿ."

"ನಾನಾ? ಈ ಪ್ರಾಯದಲ್ಲಿ? ಊರಿಡೀ ನಗ್ತದೆ."

ನಾನೇ ಮಾಡಿದೆ. "ಆಯ್ತು ಮೇಡಂ, ಬೆಲ್ಲವೇ ಇರ್ಬಹುದು" ಎಂದು ಮಗುವನ್ನು ಸಮಾಧಾನ ಮಾಡುವವರ ಹಾಗೆ ಹೇಳಿ, ಇನ್ನೊಂದು ಗೋಡೆ ನೋಡಲು ಪುರುಸೊತ್ತಿಲ್ಲವೆಂದು ಫೋನ್ ಇಟ್ಟುಬಿಟ್ಟರು. ಮೈಯೆಲ್ಲ ಉರಿದುಹೋಯಿತು. ಬಯ್ಯೋಣವೆಂದರೆ ಎದುರಿಗಿರುವುದು ನನ್ನನ್ನು ಎತ್ತಿ ಆಡಿಸಿದ ಮಾವ. ನನ್ನ ಒಳ್ಳೆಯದಕ್ಕೇ ಮಾಡಿದ್ದಂತೆ. ಇಂಥ ಒಳ್ಳೆಯದು ಶತ್ರುವಿಗೂ ಬೇಡ.

ಅಷ್ಟರಲ್ಲಿ ಬೆಂಗ್ರೆಯ ಅಕ್ಕನ ಫೋನು. ಮೇಸ್ತ್ರಿಯಿಂದ ಸುದ್ದಿ ಮುಟ್ಟಿತ್ತು.

"ಮೇಡಂ, ಗೋಡೆ ಹಾಳಾಯ್ತಂತೆ. ನಾನು ತೊಳೆದದ್ದು ಸಾಕಾಗ್ಲಿಲ್ಲ ಕಾಣ್ತದೆ, ಉಪ್ಪು ಉಳಿದಿರ್ಬೇಕು. ಇಲ್ಲಿ ಎಲ್ಲರೂ ನನಗೇ ಬೈತಾ ಇದ್ದಾರೆ. ಇನ್ನೊಂದು ಗೋಣಿ ತೊಳೆದಿಟ್ಟಿದ್ದೇನೆ, ಈ ಸಲ ಬಾವಿ ನೀರಲ್ಲಿ, ಚೆನ್ನಾಗಿ ಉಜ್ಜಿ. ಕಳಿಸ್ಲಾ?"

ಫೋನನ್ನು ಸ್ಪೀಕರಿಗೆ ಹಾಕಿ ಮಾವನ ಕೈಯಲ್ಲಿಟ್ಟೆ. "ಇವರಿಗಾದರೂ ನೀವು ಹೇಳಿ."

ಮಾವ ಫೋನು ಹಿಡಿದುಕೊಂಡೇ ಕೂತರು. "ಹಲೋ, ಮೇಡಂ? ಬೇಜಾರಾಯ್ತಾ ಮೇಡಂ?" ಎಂದು ಆ ಅಕ್ಕ ಕೇಳುತ್ತಲೇ ಇದ್ದರು.